ಬೂಷ್ಟು ದಂಟಿನ ಮೇಡಮ್ಮ

ತಪ್ಪೊಪ್ಪಿಕೊಳ್ಳುವಾಗ ಮನುಷ್ಯಮಾತ್ರರೆಲ್ಲರ ಧ್ವನಿ ತಗ್ಗುತ್ತದೆ, ನಾಗಲಕ್ಷ್ಮಿಯವರದು ಏರುತ್ತದೆ. ತಳ್ಳುಗಾಡಿಯವನ ಹೀರೇಕಾಯಿ ಕಹಿಯೆಂದು ಒಂದು ದಿನ ಆಕ್ಷೇಪಿಸಿ, ಮನೆಗೆ ಹೋಗಿ ಬೇಯಿಸಿದ ಮೇಲೆ ಅದು ಕಹಿಯಲ್ಲವೆಂದು ತಿಳಿದರೆ, ಮರುದಿನ ವಿದ್ಯಾರಣ್ಯಪುರದ ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ಕೇಳುವಂತೆ ತಾವು ಹೇಳಿದ್ದು ತಪ್ಪೆಂದು ಸಾರಿಯೇ ಮುಂದೆ ಹೋಗುವವರು ಅವರು. ಉಳಿದ ಹೊತ್ತಿನಲ್ಲಿ ಮಾತು ಪಕ್ಕದವರಿಗೂ ಅರ್ಧಂಬರ್ಧ ಕೇಳಿಸುವಷ್ಟು ಮೆದು. ಯಾರಾದರೂ ಹೊಗಳಿದರಂತೂ ತುಟಿಯಷ್ಟೇ ಅಲುಗುತ್ತದೆ. ಈ ತಲೆಕೆಳಗಾದ ಸ್ವರಕ್ರಮ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಅರವತ್ತರ ಹೊಸ್ತಿಲಲ್ಲಿ, ಬಹಳ ಕಷ್ಟಪಟ್ಟು ಸಂಪಾದಿಸಿದ್ದು. ಸಂಪಾದಿಸಿದ ಬಗೆಯನ್ನು ಕಣ್ಣಾರೆ ಕಂಡವನಾದ್ದರಿಂದ ನಾನು ಇದನ್ನು ಬರೆಯಬಹುದು.

ಗಿಡ್ಡ ಮೈಕಟ್ಟು, ಕಿವಿಯ ಮೇಲೊಂದು ಪೆನ್ಸಿಲ್, ನೂಲಿನ ಸೀರೆಯ ಮೇಲೆ ಗೋದಾಮಿನ ಗುಮಾಸ್ತರು ತೊಡುವಂಥ ಖಾಕಿ ಕೋಟು. ಕೋಟಿಗೆ ಮೊದಲು ಮೂರು ಜೇಬುಗಳಿದ್ದವಂತೆ. ಯಶವಂತಪುರದ ಮಜೀದ್ ಎಂಬ ದರ್ಜಿಗೆ ದುಂಬಾಲು ಬಿದ್ದು ಇನ್ನೂ ಐದನ್ನು ಹೊಲಿಸಿಕೊಂಡಿದ್ದಾರೆ. ಎಂಟು ಜೇಬುಗಳಲ್ಲೂ ಹೋಮಿಯೋಪತಿ ಗುಳಿಗೆಗಳ ಖಾಲಿ ಸೀಸೆ, ಸೀಸೆಗಳಲ್ಲಿ ಚಿಟಿಕೆ ಮಣ್ಣು, ಮಣ್ಣಿನಲ್ಲಿ ನನ್ನಂಥವರ ಕಣ್ಣಿಗೆ ಕಾಣದ ಪ್ರಜೆಗಳು. ನಡಿಗೆಯೆಂದರೆ ನಾಲ್ಕು ಹೆಜ್ಜೆ, ಒಂದು ನಿಲುಗಡೆ. ಚರಂಡಿಯ ಅಂಚಿನಲ್ಲಿ ತೇವ ಕಂಡರೆ ಕುಕ್ಕರುಗಾಲಿನಲ್ಲಿ ಕುಳಿತು, ಚಿಟಿಕೆ ಮಣ್ಣೆತ್ತಿ ಮೂಸಿ, ಕೆಲವೊಮ್ಮೆ ಮುಖ ಅರಳಿಸಿ ಕೆಲವೊಮ್ಮೆ ಗಂಟಿಕ್ಕಿ ಮೇಲೇಳುವುದು. ಅವರ ಜೊತೆ ಬೆಳಗಿನ ವಾಕಿಂಗಿಗೆ ಹೋದವರು ಆರೋಗ್ಯದ ದೃಷ್ಟಿಯಿಂದ ಎರಡನೆಯ ಸಲ ಹೋಗುವುದಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಮಾತ್ರ ಆರು ವರ್ಷಗಳಿಂದ ಹೋಗುತ್ತಿದ್ದೇನೆ. ಸಕ್ಕರೆ ಕಾಯಿಲೆ ಇಳಿದಿಲ್ಲ, ಹುಳುಗಳ ಭಯ ಇಳಿದಿದೆ.

ಹಟವೂ ಕಡಿಮೆಯದಲ್ಲ. ಅವರ ಮನೆಯ ಮುಂದಿನ ಹೊಂಗೆಮರದ ಬುಡದಲ್ಲಿ ಬಿದ್ದ ಎಲೆಯನ್ನು ಯಾರೂ ಗುಡಿಸುವಂತಿಲ್ಲ. ಕಸ ಗುಡಿಸುವ ಹೆಂಗಸರೊಂದಿಗೆ, ವಾರ್ಡಿನ ಅಧಿಕಾರಿಯೊಂದಿಗೆ, ಕೊನೆಗೆ ಸ್ವಂತ ನಾದಿನಿಯೊಂದಿಗೂ ಈ ವಿಷಯದಲ್ಲಿ ವ್ಯಾಜ್ಯವಾಗಿ, ಈಗ ಇಡೀ ಬೀದಿ ಆ ಆರಡಿ ಜಾಗವನ್ನು ಬಳಸಿಕೊಂಡು ನಡೆಯುತ್ತದೆ. ಇನ್ನೊಂದು ಅಭ್ಯಾಸ, ಯಾವ ವಾಕ್ಯವನ್ನೂ 'ಸದ್ಯಕ್ಕೆ' ಎನ್ನದೆ ಮುಗಿಸದಿರುವುದು. ಎರೆಹುಳಕ್ಕೆ ಕಣ್ಣಿಲ್ಲ, ಸದ್ಯಕ್ಕೆ. ಈ ವರ್ಷ ಮುಂಗಾರು ತಡ, ಸದ್ಯಕ್ಕೆ. ನಿಮ್ಮ ಯಜಮಾನರು ಚೆನ್ನಾಗಿದ್ದಾರೆಯೇ ಎಂದು ಕೇಳಿದ ನೆಂಟರೊಬ್ಬರಿಗೆ ಚೆನ್ನಾಗಿದ್ದಾರೆ, ಸದ್ಯಕ್ಕೆ ಎಂದುಬಿಟ್ಟು, ಪಕ್ಕದಲ್ಲೇ ಕಾಫಿ ಹೀರುತ್ತಿದ್ದ ಯಜಮಾನರನ್ನು ಒಂದು ಕ್ಷಣ ಕಂಗೆಡಿಸಿದ್ದರು.

ಕೆಂಪಾಪುರದಲ್ಲಿ ಒಂದು ಟ್ರಸ್ಟಿನವರು ನಡೆಸುವ ಸಣ್ಣ ಮಣ್ಣು ಸಂಶೋಧನಾ ಕೇಂದ್ರದಲ್ಲಿ ಅವರು ಮೂವತ್ತೊಂದು ವರ್ಷ ದುಡಿದರು. ಕೊಯ್ಲಾದ ಮೇಲೆ ಹೊಲದಲ್ಲಿ ಉಳಿಯುವ ದಂಟು, ಕೂಳೆ, ಸಿಪ್ಪೆಗಳ ಪರಿಣಾಮ ಏನೆಂಬುದೇ ಅವರ ಜೀವಮಾನದ ಪ್ರಶ್ನೆ. ಮುಸುಕಿನ ಜೋಳಕ್ಕೆ ತೇವ ಹೆಚ್ಚಾದಾಗ ನಸುಗೆಂಪು ಬೂಷ್ಟು ಹತ್ತುತ್ತದೆ. ಆ ಬೂಷ್ಟು ದಂಟಿನೊಳಗೆ ಒಂದು ನಂಜನ್ನು ಕೂಡಿಡುತ್ತದೆ. ಬೂಷ್ಟು ಒಣಗಿ ಉದುರಿದರೂ ನಂಜು ಉಳಿಯುತ್ತದೆ. ಅದನ್ನು ತಿಂದ ಹಸು ಮೇವು ಬಿಟ್ಟು ಸೊರಗುತ್ತದೆ. ಅಂಥ ದಂಟನ್ನು ಹೊಲದಲ್ಲೇ ಬಿಟ್ಟರೆ ನಂಜು ಮಣ್ಣಿನಲ್ಲಿ ಕರಗುತ್ತದೆಯೋ, ಮುಂದಿನ ಬೆಳೆಗೆ ಕಾದು ಕೂರುತ್ತದೆಯೋ ಎಂಬುದನ್ನು ಅವರು ಮೂರು ವರ್ಷ ಪರೀಕ್ಷಿಸಿದರು. ಗಾಜಿನ ಜಾಡಿಗಳಲ್ಲಿ ಮಣ್ಣು ತುಂಬಿ, ಬೂಷ್ಟು ದಂಟಿನ ಚೂರು ಬೆರೆಸಿ, ತಿಂಗಳಿಗೊಮ್ಮೆ ಅಳೆದರು. ನಂಜು ಕದಲಲಿಲ್ಲ. ೨೦೧೨ರಲ್ಲಿ ಅವರ ಸಹಿಯೊಡನೆ ಒಂದು ಹಳದಿ ಕರಪತ್ರ ಜಕ್ಕೂರಿನಿಂದ ಯಲಹಂಕದಾಚೆಯ ಹಳ್ಳಿಗಳವರೆಗೆ ಹಂಚಿಕೆಯಾಯಿತು: ಬೂಷ್ಟು ಹಿಡಿದ ದಂಟನ್ನು ಹೊಲದಲ್ಲಿ ಬಿಡಬೇಡಿ, ಸುಟ್ಟುಹಾಕಿ.

ಅಷ್ಟು ಶುದ್ಧವಾದ ಪ್ರಯೋಗ ಆ ಕೇಂದ್ರದಲ್ಲಿ ಹಿಂದೆ ನಡೆದಿರಲಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ಹೊಲದಿಂದ ತಂದ ಮಣ್ಣನ್ನು ಬಿಸಿಲಿಗೆ ಹರವಿ, ಕೈಯಲ್ಲಿ ಪುಡಿಮಾಡಿ, ಸಣ್ಣ ಕಣ್ಣಿನ ಜರಡಿಯಲ್ಲಿ ಮೂರು ಸಲ ಜರಡಿ ಹಿಡಿದು, ಪ್ರಯೋಗಾಲಯದ ಓವನ್ನಿನಲ್ಲಿಟ್ಟು ಬೇಯಿಸಿದ ಮೇಲೆಯೇ ಜಾಡಿಗೆ ತುಂಬುವುದು. ಹುಳುಹುಪ್ಪಟೆ ಇದ್ದರೆ ಲೆಕ್ಕ ಕೆಡುತ್ತದೆಂದು ಗುರುಗಳು ಕಲಿಸಿದ್ದ ಕ್ರಮವದು. ನಾಗಲಕ್ಷ್ಮಿಯವರ ಕೈಗೆ ಬಂದ ಮೇಲೆ ಅದು ಮಡಿಯೇ ಆಯಿತು. ಹಬ್ಬದ ಹೋಳಿಗೆಗೆ ಹಿಟ್ಟು ಜರಡಿ ಹಿಡಿಯುವ ಮುತುವರ್ಜಿಯಿಂದ ಅವರು ಮಣ್ಣು ಜರಡಿ ಹಿಡಿಯುತ್ತಿದ್ದರು. ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಅಳೆಯಲು ತಂದ ಮಣ್ಣು ಮಾತ್ರ ಸತ್ತುಹೋಗಿತ್ತು, ಅದನ್ನು ಯಾರೂ ಗಮನಿಸಲಿಲ್ಲ.

ಗಮನಿಸುವಂತೆ ಮಾಡಿದವನು ಜಕ್ಕೂರಿನ ಪುಟ್ಟಣ್ಣ. ಹಳೆಯ ಊರಿನ ರೈತಕುಲದವನು. ಸುತ್ತಲಿನ ಜಮೀನೆಲ್ಲ ಅಪಾರ್ಟ್‌ಮೆಂಟುಗಳಾಗಿ, ತನ್ನದೇ ಎರಡು ಕಟ್ಟಡಗಳು ಎದ್ದು ನಿಂತ ಮೇಲೂ ಏಳು ಹಸುಗಳ ಮೇವಿಗೆಂದು ಮೂರು ಎಕರೆಯನ್ನು ಬಿಡದೆ ಉಳಿಸಿಕೊಂಡವನು. ಕರಪತ್ರ ಬಂದಂದಿನಿಂದ ಪ್ರತಿವರ್ಷ ಕೊಯ್ಲಿನ ನಂತರ ದಂಟಿಗೆ ಬೆಂಕಿ ಹಚ್ಚುತ್ತಿದ್ದ. ಅಕ್ಕಪಕ್ಕದ ಬಾಲ್ಕನಿಗಳಲ್ಲಿ ಒಣಗುತ್ತಿದ್ದ ಬಟ್ಟೆಗಳೆಲ್ಲ ಹೊಗೆ ಕುಡಿದು, ೨೦೨೩ರ ಫೆಬ್ರುವರಿಯಲ್ಲಿ ನಿವಾಸಿಗಳ ಸಂಘ ರೊಚ್ಚಿಗೆದ್ದಿತು. ಸಂಘದ ಕಾರ್ಯದರ್ಶಿ ಉಮೇಶ್, ರೈತರಿಗೆ ತಿಳಿವಳಿಕೆ ಕೊಡಿಸೋಣವೆಂದು ಒಂದು ಭಾನುವಾರ ಬೆಳಗ್ಗೆ ನಾಗಲಕ್ಷ್ಮಿಯವರ ಉಪನ್ಯಾಸ ಏರ್ಪಡಿಸಿದ. ಅಧ್ಯಕ್ಷತೆಗೆ ನಾನು. ಪುಟ್ಟಣ್ಣ ಹಿಂದಿನ ಸಾಲಿನಲ್ಲಿ ಹೆಂಡತಿ ಕೃಷ್ಣಮ್ಮನೊಂದಿಗೆ ಬಂದು ಕುಳಿತಿದ್ದ.

ಹಳೆಯ ಕರಪತ್ರ ಯಾರದೆಂದು ತಿಳಿಯದ ಉಮೇಶ್ ಬಯಸಿದ್ದು ಹೊಗೆಯ ವಿರುದ್ಧದ ಭಾಷಣ. ನಾಗಲಕ್ಷ್ಮಿಯವರು ತಮ್ಮ ಮೆದುದನಿಯಲ್ಲಿ ಸುಡುವುದೇ ಸರಿಯೆಂದೂ ಗಾಳಿಯ ದಿಕ್ಕು ನೋಡಿ ಸುಡಬೇಕೆಂದೂ ವಿವರಿಸತೊಡಗಿದ್ದರು. ಸಭಿಕರ ಮುಖ ಬಾಡುತ್ತಿದ್ದಾಗ ಪುಟ್ಟಣ್ಣ ಎದ್ದುನಿಂತ. ಕೈಯಲ್ಲಿ ಕೊಟ್ಟಿಗೆಯ ಗೋಡೆಯಿಂದ ಕಿತ್ತು ತಂದ ಹಳದಿ ಕರಪತ್ರ.

"ಮೇಡಮ್ಮ, ನೀವ್ ಏಳ್ದಂಗೆ ಅತ್ತು ವರ್ಷದಿಂದ ಸುಡ್ತಾ ಇವ್ನಿ. ಉತ್ತದ ಮೂಲೆಗೆ ಮಾತ್ರ ಇವ್ಳು ಬೆಂಕಿ ಆಕಕ್ಕೆ ಬಿಡಾಕಿಲ್ಲ. ಬೂಷ್ಟು ದಂಟೆಲ್ಲ ಅಲ್ಲೇ ಬಿದ್ದು ಕೊಳೀತೈತೆ. ಇಂಗಿದ್ರೂ ವರ್ಷಾ ವರ್ಷಾ ಪೈರು ಏಳೋದು ಅಲ್ಲೇ ಕಣಮ್ಮ. ಸುಟ್ಟಿರೋ ಕಡೆ ಮೊಣಕಾಲುದ್ದ. ಇದ್ಯಾಕೆ ಅಂತ ಏಳಿ."

ಹೊಲದ ಈಶಾನ್ಯ ಮೂಲೆಯಲ್ಲೊಂದು ಹುತ್ತ. ನಾಗರಪಂಚಮಿಗೆ ಹಾಲೆರೆಯುವ ಜಾಗದ ಸುತ್ತ ಬೆಂಕಿ ಹಾಕಬಾರದೆಂದು ಕೃಷ್ಣಮ್ಮನ ಕಟ್ಟಪ್ಪಣೆ. ಅಲ್ಲಿನ ಹತ್ತು ಗುಂಟೆಗೆ ಹತ್ತು ವರ್ಷದಿಂದ ಕಡ್ಡಿ ಗೀರಿದವರಿಲ್ಲ. ಕರಪತ್ರದ ಪ್ರಕಾರ ಮೂರೂ ಎಕರೆಯಲ್ಲಿ ಅತ್ಯಂತ ನಂಜಾಗಿರಬೇಕಾದದ್ದು ಆ ಮೂಲೆ. ನಾಗಲಕ್ಷ್ಮಿಯವರು ಮೈಕನ್ನು ನನ್ನ ಕೈಗಿತ್ತು, ಗೋಡೆಯ ಮೇಲೆ ಸ್ಲೈಡನ್ನು ಹಾಗೆಯೇ ಬಿಟ್ಟು, ಪುಟ್ಟಣ್ಣನ ಹಿಂದೆ ಹೊರಟೇಬಿಟ್ಟರು. ನಾನು ಅಧ್ಯಕ್ಷ ಭಾಷಣಕ್ಕೆಂದು ಬರೆದುಕೊಂಡಿದ್ದ ಹಾಳೆಯನ್ನು ಮಡಚಿಟ್ಟು ಹಿಂಬಾಲಿಸಿದೆ, ಉಪಾಹಾರವೂ ತಪ್ಪಿತು.

ಹುತ್ತದ ಪಕ್ಕದಲ್ಲಿ ಕುಕ್ಕರಿಸಿ ಅವರು ಒಂದು ಹಿಡಿ ಮಣ್ಣೆತ್ತಿದರು. ಕಪ್ಪು, ತೇವ, ಬೆರಳ ಸಂದಿನಲ್ಲಿ ಎರಡು ಎರೆಹುಳ, ಸಾಸಿವೆಯಷ್ಟೂ ಇಲ್ಲದ ಬಿಳಿಯ ಜೀವಗಳು ಚಿಮ್ಮಿ ಚಿಮ್ಮಿ ಮಾಯವಾಗುತ್ತಿದ್ದವು. ಇಂಗ್ಲಿಷಿನವರು ಸ್ಪ್ರಿಂಗ್‌ಟೇಲ್ ಎನ್ನುವ ಅವುಗಳಿಗೆ ಪುಟ್ಟಣ್ಣ ಚಿಮ್ಮುಳ ಎನ್ನುತ್ತಿದ್ದ. ಆಮೇಲೆ ಸುಟ್ಟ ಭಾಗಕ್ಕೆ ಹೋಗಿ ಅಲ್ಲೂ ಒಂದು ಹಿಡಿ ತೆಗೆದರು. ಬೂದುಬಣ್ಣದ ಪುಡಿ, ಬೆರಳ ಸಂದಿನಿಂದ ಸುಮ್ಮನೆ ಸುರಿಯಿತು. ಆ ಪುಡಿಯನ್ನು ಅವರು ಬಹಳ ಹೊತ್ತು ನೋಡಿದರು. ಮೂರು ಸಲ ಜರಡಿ ಹಿಡಿದು ಬೇಯಿಸಿದ ತಮ್ಮ ಜಾಡಿಗಳ ಮಣ್ಣು ಥೇಟ್ ಹೀಗೆಯೇ ಇರುತ್ತಿತ್ತೆಂದು ಆಮೇಲೆ ನನಗೆ ಹೇಳಿದರು. ತಲೆಯ ಮೇಲೆ ಫ್ಲೈಯಿಂಗ್ ಕ್ಲಬ್ಬಿನ ತರಬೇತಿ ವಿಮಾನವೊಂದು ಸುತ್ತುತ್ತಿತ್ತು. ಅದರ ಸದ್ದನ್ನು ಮೀರಿ, ನಾನು ಅದುವರೆಗೆ ಅವರಿಂದ ಕೇಳಿರದ ದೊಡ್ಡ ದನಿಯಲ್ಲಿ ನಾಗಲಕ್ಷ್ಮಿಯವರು ಪುಟ್ಟಣ್ಣನಿಗೆ ಹೇಳಿದರು:

"ಪುಟ್ಟಣ್ಣ, ನಾನು ತಪ್ಪು ಮಾಡಿದೀನಿ ಅನ್ಸುತ್ತೆ. ಮಿಕ್ಕ ದಂಟು ಸುಡಬೇಡಿ. ಎರಡು ತಿಂಗಳು ಟೈಮ್ ಕೊಡಿ, ನೋಡಿ ಹೇಳ್ತೀನಿ."

ಎರಡು ತಿಂಗಳು ಕೆಂಪಾಪುರದ ಆ ಕೇಂದ್ರದಲ್ಲಿ ಮಡಿ ಮುರಿದುಬಿತ್ತು. ಹುತ್ತದ ಮೂಲೆಯ ಮಣ್ಣನ್ನು ಹೆಂಟೆಸಮೇತ, ಹುಳುಸಮೇತ ಜಾಡಿಗಳಿಗೆ ತುಂಬಿದರು. ಅದೇ ಮಣ್ಣನ್ನು ಹಳೆಯ ಕ್ರಮದಲ್ಲಿ ಬೇಯಿಸಿ ಇನ್ನಷ್ಟು ಜಾಡಿಗಳಿಗೆ. ಎರಡಕ್ಕೂ ಒಂದೇ ಬೂಷ್ಟು ದಂಟು. ನಂಜಿನ ಅಳತೆ ಅಮ್ರೀನ್ ಎಂಬ ಕಿರಿಯ ರಸಾಯನಶಾಸ್ತ್ರಜ್ಞೆಯದು. ಯಾವ ಜಾಡಿಯ ಮಾದರಿ ಯಾವುದೆಂದು ಅವಳಿಗೆ ಹೇಳದೆ ಬರೀ ಅಂಕಿ ಹಚ್ಚಿ ಕಳಿಸುತ್ತಿದ್ದರು, ತಮ್ಮ ಮೇಲಿನ ಮಮತೆಯಿಂದ ಆಕೆಯ ಕೈ ಕೂಡ ಒಂದಿಷ್ಟೂ ವಾಲಬಾರದೆಂದು. ಮೊದಲ ಎರಡು ವಾರ ಚಿಮ್ಮುಳಗಳು ಸತ್ತವು. ನಂಜು ಅವುಗಳನ್ನೂ ಬಿಡುವುದಿಲ್ಲ. ದಂಟಿನ ಪ್ರಮಾಣ ಜಾಸ್ತಿಯಾದ ಜಾಡಿಗಳಲ್ಲಿ ಅವು ಮೊಟ್ಟೆಯಿಡುವುದನ್ನೇ ನಿಲ್ಲಿಸಿದವು. ಎರೆಹುಳಗಳು ಮಾತ್ರ, ಆರಿಸಿ ತಿನ್ನುವ ಚಪಲದವರ ಹಾಗೆ, ಹೆಚ್ಚು ಬೂಷ್ಟು ಹಿಡಿದ ಚೂರುಗಳನ್ನೇ ಮೊದಲು ಒಳಗೆ ಎಳೆದುಕೊಂಡವು. ಅವು ನುಂಗಿ ಹೊರಹಾಕಿದ್ದರ ಮೇಲೆ ಉಳಿದ ಚಿಮ್ಮುಳಗಳೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೂ ಬೆಳೆದವು. ಎಂಟನೆಯ ವಾರ ಅಮ್ರೀನ್ ತಂದ ಹಾಳೆಯಲ್ಲಿ ಬೇಯಿಸಿದ ಮಣ್ಣಿನ ನಂಜು ಹಾಗೆಯೇ ಇತ್ತು. ಜೀವಂತ ಮಣ್ಣಿನದು ಹತ್ತರಲ್ಲಿ ಎರಡು ಪಾಲಿಗಿಳಿದಿತ್ತು.

ಗೆದ್ದೆವೆಂದು ಅಮ್ರೀನ್ ಸಿಹಿ ತಂದಳು. ನಾಗಲಕ್ಷ್ಮಿಯವರು ತಿನ್ನಲಿಲ್ಲ. ಜಾಡಿ ಹೊಲವಲ್ಲ, ಜಾಡಿಯನ್ನು ನಂಬಿಯೇ ಒಮ್ಮೆ ಕೆಟ್ಟಿದ್ದೇನೆ ಎಂದು, ಸೀದಾ ಜಕ್ಕೂರಿಗೆ ಹೋಗಿ ಪುಟ್ಟಣ್ಣನ ಮೂರೂ ಎಕರೆ ಕೇಳಿದರು. ದಂಟನ್ನು ಚೂರು ಮಾಡಿ ಮಣ್ಣಿನ ಮೇಲೆ ತೆಳುವಾಗಿ ಹರಡಬೇಕು. ಹುತ್ತದ ಮೂಲೆಯ ಮಣ್ಣನ್ನು ಮಂಕರಿಗಟ್ಟಲೆ ಹೊತ್ತು ಉಳಿದ ಹೊಲಕ್ಕೆ ಅಲ್ಲಲ್ಲಿ ಹಾಕಬೇಕು. ಮುಂಗಾರಿಗೆ ಅದರಲ್ಲೇ ಬಿತ್ತಬೇಕು. ಕೆಟ್ಟರೆ ಏಳು ಹಸುಗಳ ವರ್ಷದ ಮೇವು ನಂಜಾಗುತ್ತದೆ ಎಂಬುದನ್ನೂ ಮುಚ್ಚಿಡದೆ ಹೇಳಿದರು. ಪುಟ್ಟಣ್ಣ ಹೆಂಡತಿಯ ಮುಖ ನೋಡಿದ. ಹುತ್ತದಿಂದ ಮೂರು ಮಾರು ದೂರ ಬಿಟ್ಟು ಅಗೆಯುವುದಾದರೆ ಆಗಬಹುದೆಂದಳು ಕೃಷ್ಣಮ್ಮ. ಅವನದೂ ಒಂದು ಷರತ್ತಿತ್ತು.

"ಆಗ್ಲಿ ಕಣಮ್ಮ. ಕೆಟ್ರೆ ನನಗ್ ಏಳ್ಬೇಡಿ. ಕೊಟ್ಟಿಗೇಗ್ ಬಂದು ಆ ಅಸುಗಳ್ ಮುಂದೆ ನಿಂತ್ಕಂಡು ಏಳಿ."

ಇದು ತಮಾಷೆಯಲ್ಲವೆಂದು ನಾಗಲಕ್ಷ್ಮಿಯವರಿಗೆ ತಟ್ಟಿತು. ಆ ಇಡೀ ಮಳೆಗಾಲ ಅವರ ಮುಖದಲ್ಲಿ ನಾನು ನಗು ಕಾಣಲಿಲ್ಲ. ಜುಲೈನಲ್ಲಿ ಬಿಡದೆ ಮಳೆ ಹಿಡಿದು ಹೊಲದ ತುಂಬ ನಸುಗೆಂಪು ಬೂಷ್ಟು ಉಕ್ಕಿತು. ವಾಸನೆಗೆ ನಿವಾಸಿಗಳ ಸಂಘ ಮತ್ತೊಂದು ದೂರು ಬರೆಯಿತು, ಹಳೆಯ ಊರಿನವರು ಪುಟ್ಟಣ್ಣನನ್ನು ಅರಳಿಕಟ್ಟೆಯಲ್ಲಿ ಕೂರಿಸಿ ಆಡಿಕೊಂಡರು. ನಾಗಲಕ್ಷ್ಮಿಯವರು ದಿನವೂ ಬೆಳಗ್ಗೆ ಬಸ್ಸು ಹಿಡಿದು ಹೋಗಿ, ಕೊಡೆಯನ್ನು ಕತ್ತಿನ ಸಂದಿನಲ್ಲಿ ಸಿಕ್ಕಿಸಿಕೊಂಡು ಕುಕ್ಕರುಗಾಲಿನಲ್ಲಿ ಹುಳು ಎಣಿಸುತ್ತಿದ್ದರು. ಒಂದು ದಿನ ನಾನು, ಇಷ್ಟೊಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಜಾಡಿಯ ಫಲಿತಾಂಶವಾದರೂ ಇದೆಯಲ್ಲ ಎಂದು ಸಮಾಧಾನ ಹೇಳಹೋದೆ. ಹತ್ತು ವರ್ಷ ಈ ರೈತರ ಮಣ್ಣು ಸುಡಿಸಿದವಳು ನಾನು, ಅವರು ನನ್ನ ಸಹಿ ನೋಡಿ ಬೆಂಕಿ ಹಚ್ಚಿದರು ಎಂದವರೇ ಮುಖ ತಿರುಗಿಸಿದರು. ಸಮಾಧಾನ ಹೇಳುವ ನನ್ನ ಚಾಳಿಯ ಬಗ್ಗೆ ನನಗೇ ನಾಚಿಕೆಯಾಯಿತು.

ಆಗಸ್ಟ್ ಮೂರನೆಯ ವಾರ ಪುಟ್ಟಣ್ಣನೇ ಫೋನ್ ಮಾಡಿದ. ಸುಟ್ಟ ಭಾಗದಲ್ಲೆಲ್ಲ, ಹತ್ತು ವರ್ಷದಿಂದ ಒಂದೂ ಕಾಣದಿದ್ದ ಕಡೆ, ಎರೆಹುಳದ ಸಣ್ಣ ಸಣ್ಣ ಮಣ್ಣುಗುಪ್ಪೆಗಳು ಎದ್ದಿದ್ದವು. ದಂಟಿನ ಚೂರನ್ನು ಎತ್ತಿದರೆ ಕೈಯಲ್ಲೇ ಪುಡಿಯಾಗುತ್ತಿತ್ತು, ಅಡಿಯಲ್ಲಿ ಚಿಮ್ಮುಳಗಳ ಜಾತ್ರೆ. ಅಕ್ಟೋಬರಿನಲ್ಲಿ ಕೊಯ್ಲಾಯಿತು, ಪುಟ್ಟಣ್ಣನ ತಲೆಗಿಂತ ಎತ್ತರದ ಪೈರು ಮೂರೂ ಎಕರೆಗೆ ಒಂದೇ ಸಮ. ಮೂವತ್ತು ಕಡೆಯಿಂದ ತೆಗೆದ ಮಣ್ಣಿನಲ್ಲಿ ಅಮ್ರೀನಳ ಯಂತ್ರಕ್ಕೆ ಸಿಕ್ಕ ನಂಜು ಇಲ್ಲವೆನ್ನುವಷ್ಟು ಅಲ್ಪ, ಹೊಸ ಮೇವಿನಲ್ಲಿ ಅದಕ್ಕಿಂತ ಕಡಿಮೆ. ಹಸುಗಳು ಹೊಟ್ಟೆತುಂಬ ತಿಂದವು. ಆ ದಿನ ನಾಗಲಕ್ಷ್ಮಿಯವರು ಕೊಟ್ಟಿಗೆಗೆ ಹೋಗಿ ಏಳೂ ಹಸುಗಳ ಮುಂದೆ ನಿಂತು ಏನೋ ಹೇಳಿಬಂದರೆಂದು ಕೃಷ್ಣಮ್ಮ ಹೇಳುತ್ತಾಳೆ. ಏನೆಂದು ಇವರು ಇಂದಿಗೂ ಬಾಯಿಬಿಟ್ಟಿಲ್ಲ.

ಸುದ್ದಿ ತಿಳಿದ ಪತ್ರಕರ್ತನೊಬ್ಬ ಬಂದು, ಪೂರ್ವಿಕರು ಇದನ್ನೆಲ್ಲ ಅರಿತೇ ಹುತ್ತಪೂಜೆ ಮಾಡಿದರೆಂದು ಬರೆಯಲೇ ಎಂದು ಕೇಳಿದ. ಕೃಷ್ಣಮ್ಮ ಮರಿಹಾವಿಗೆ ಬಿಸಿ ತಾಗಬಾರದೆಂದು ಮಾಡಿದಳು, ಹುಳಕ್ಕೆ ಲಾಭವಾಯಿತು, ಅಷ್ಟನ್ನೇ ಬರೆಯಿರಿ ಎಂದರು ನಾಗಲಕ್ಷ್ಮಿಯವರು. ಅವನು ಏನನ್ನೂ ಬರೆಯಲಿಲ್ಲ.

ಗೆಲುವು ಇಲ್ಲಿಗೆ ಮುಗಿಯಿತೆಂದು ನಾವೆಲ್ಲ ತಿಳಿದೆವು. ಅವರ ಪಾಲಿಗೆ ಅಸಲಿ ಜಗಳ ಆಗ ಶುರುವಾಯಿತು. ಹೊಸ ಕರಪತ್ರ ಅಚ್ಚಾಗಬೇಕಿತ್ತು. 'ಬೆಳೆ ಉಳಿಕೆಗೆ ನೂತನ ವಿಧಾನ' ಎಂದು ಶೀರ್ಷಿಕೆ ಕೊಡೋಣ, ಹಳೆಯದರ ಮಾತೇ ಬೇಡ ಎಂದರು ಕೇಂದ್ರದ ನಿರ್ದೇಶಕರು. ಕೆಟ್ಟ ಮನುಷ್ಯರೇನಲ್ಲ, ನಿವೃತ್ತಿಗೆ ಐದು ತಿಂಗಳಿದ್ದ ಸಹೋದ್ಯೋಗಿಯ ಹೆಸರು ಕೆಡಬಾರದೆಂಬ ಕಳಕಳಿಯೂ ಇತ್ತು. ತಪ್ಪೆಂದು ನಾವೇ ಅಚ್ಚು ಹಾಕಿದರೆ ನಾಳೆ ನಮ್ಮ ಯಾವ ಕರಪತ್ರವನ್ನು ಯಾರು ನಂಬುತ್ತಾರೆ ಎಂಬುದು ಅವರ ಪ್ರಶ್ನೆ. ನಾಗಲಕ್ಷ್ಮಿಯವರು ವಾದ ಮಾಡಲಿಲ್ಲ. ಸಹಿ ಹಾಕಲಿಲ್ಲ, ಅಷ್ಟೆ. ಒಂದು ತಿಂಗಳು ಕರಡು ಪ್ರತಿ ಮೇಜಿನಿಂದ ಮೇಜಿಗೆ ಅಲೆಯಿತು. ಅಷ್ಟರಲ್ಲಿ ಅವರು ರಜೆ ಹಾಕಿ, ಹಳೆಯ ಹಂಚಿಕೆಯ ಪಟ್ಟಿ ಹಿಡಿದು, ಕರಪತ್ರ ಹೋಗಿದ್ದ ನಲವತ್ತೆರಡು ಊರುಗಳಿಗೂ ಒಂದೊಂದಾಗಿ ಹೋಗತೊಡಗಿದರು. ಡೈರಿಯ ಬಾಗಿಲಲ್ಲಿ, ಸೊಸೈಟಿಯ ಗೋಡೆಯಲ್ಲಿ ಹಳದಿ ಕಾಗದ ಕಂಡಲ್ಲಿ ಉಗುರಿನಿಂದ ಕೆರೆದು ತೆಗೆದರು. ಯಾಕಮ್ಮ ಎಂದು ಕೇಳಿದವರಿಗೆ ಕಾರಣ ಹೇಳಿದರು. ಬೂಷ್ಟು ದಂಟಿನ ಮೇಡಮ್ಮ ಎಂಬ ಹೆಸರು ಬಂದದ್ದು ಆಗ. ಇಪ್ಪತ್ತಾರನೆಯ ಊರಿಗೆ ತಲುಪುವ ಹೊತ್ತಿಗೆ ನಿರ್ದೇಶಕರು ಸೋತರು.

ಜನವರಿಯ ಒಂದು ಬೆಳಗ್ಗೆ ಪುಟ್ಟಣ್ಣನ ಕಣದಲ್ಲಿ ಸುಮಾರು ಎಪ್ಪತ್ತು ರೈತರು ಸೇರಿದ್ದರು. ಹೊಸ ಕರಪತ್ರ ಹಂಚಿದರು. ಶೀರ್ಷಿಕೆಗಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಹೀಗೆ ಅಚ್ಚಾಗಿತ್ತು: '೨೦೧೨ರಲ್ಲಿ ನಾವು ಹಂಚಿದ ಸಲಹೆ ತಪ್ಪು. ಮಣ್ಣಿನ ಜೀವಗಳನ್ನು ಕೊಂದು ನಾನು ಪರೀಕ್ಷೆ ಮಾಡಿದ್ದೆ. ದಂಟನ್ನು ಸುಡಬೇಡಿ. ನಾಗಲಕ್ಷ್ಮಿ.' ನಿರ್ದೇಶಕರು ನೆಲ ನೋಡುತ್ತಿದ್ದರು. ಈ ಜನ ನಕ್ಕುಬಿಟ್ಟರೆ ಅವರ ಮೂವತ್ತೊಂದು ವರ್ಷ ಅಲ್ಲಿಗೆ ಮುಗಿಯುತ್ತಿತ್ತು. ಕೃಷ್ಣಯ್ಯ ಎಂಬ ಮುದುಕರೊಬ್ಬರು, ಯಲಹಂಕದಾಚೆಯಿಂದ ಬಂದವರು, ಕಾಗದವನ್ನು ಎರಡು ಸಲ ಓದಿಸಿ ಕೇಳಿ, ಇನ್ನು ಇವರ ಮಾತನ್ನು ನಂಬೋದು ಹೆಂಗೆ ಎಂದು ಪುಟ್ಟಣ್ಣನನ್ನೇ ಕೇಳಿದರು. ಪುಟ್ಟಣ್ಣ ಆರಾಮವಾಗಿ ಉತ್ತರ ಕೊಟ್ಟ.

"ಏಳೋರು ಬೇಕಾದಷ್ಟು ಜನ ಬತ್ತಾರೆ ಕಣಣ್ಣೋ. ತಪ್ಪಾದ್ರೆ ತಿರುಗ್ ಬಂದು ಏಳೋರು ಈಗ ಸಿಕ್ಕವ್ರೆ. ಇನ್ನೇನ್ ಬೇಕು?"

ಕೃಷ್ಣಯ್ಯನವರು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ನಮ್ಮ ಹೊಲಕ್ಕೆ ಯಾವತ್ತು ಬರ್ತೀರಮ್ಮ ಎಂದರು. ಆ ವಾರವೇ ಹನ್ನೊಂದು ಊರಿನವರು ಗೋಣಿಚೀಲಗಳಲ್ಲಿ ಮಣ್ಣು ಹೊತ್ತು ಕೆಂಪಾಪುರದ ಕೇಂದ್ರದ ಮುಂದೆ ಸಾಲು ನಿಂತರು. ಕೇಂದ್ರದ ಇತಿಹಾಸದಲ್ಲಿ ಅಂಥ ಸಾಲು ಅದೇ ಮೊದಲು. ಕಳೆದ ಎರಡು ಬೇಸಿಗೆಗಳಲ್ಲಿ ಆ ನಲವತ್ತೆರಡು ಊರುಗಳ ಪೈಕಿ ಮೂವತ್ತೇಳರಲ್ಲಿ ಬೆಂಕಿ ಎದ್ದಿಲ್ಲ. ಉಳಿದ ಐದರ ಹೆಸರನ್ನು ಅವರು ಚೀಟಿಯಲ್ಲಿ ಬರೆದು ಕೋಟಿನ ಜೇಬಿನಲ್ಲಿಟ್ಟುಕೊಂಡಿದ್ದಾರೆ.

ನಾನು ಮೂವತ್ತು ವರ್ಷ ಪಾಠ ಹೇಳಿದವನು. ತಪ್ಪು ಹೇಳಿಲ್ಲವೆಂದಲ್ಲ; ತಪ್ಪು ಹೇಳಿದ್ದೆನೆಂದು ಯಾವ ತರಗತಿಗೂ ಹಿಂದಿರುಗಿ ಹೋಗಿ ಹೇಳಲಿಲ್ಲ. ಪಂಡಿತರಲ್ಲಿ ಬಹುಪಾಲು ನನ್ನ ಜಾತಿಯವರೇ. ನಾವು ನಮ್ಮ ಹೆಸರನ್ನು ಕಾಪಾಡಿಕೊಂಡು ಬರುತ್ತೇವೆ, ಹೆಸರೂ ನಮ್ಮನ್ನು ಕಾಪಾಡುತ್ತದೆ, ಇಬ್ಬರೂ ಸುಖವಾಗಿ ನಿವೃತ್ತರಾಗುತ್ತೇವೆ. ಅಪರೂಪಕ್ಕೆ ಎಲ್ಲೋ ಒಬ್ಬರು, ತಾವು ಬಿಟ್ಟ ಮಾತು ಯಾರ ಯಾರ ಹೊಲಕ್ಕೆ ಹೋಗಿ ಏನು ಮಾಡಿತೆಂದು ಹುಡುಕಿಕೊಂಡು, ಬಸ್ಸಿನಲ್ಲೋ ಕಾಲ್ನಡಿಗೆಯಲ್ಲೋ ಹಿಂದೆಯೇ ಹೊರಡುತ್ತಾರೆ. ಅಂಥವರು ಹೇಳುವುದೆಲ್ಲ ಸರಿಯಿರುತ್ತದೆಂಬ ಭರವಸೆ ಏನೂ ಇಲ್ಲ, ಅವರಿಗೂ ಇಲ್ಲ. ಆದರೂ ಬಿತ್ತನೆಯ ಹೊತ್ತು ಬಂದಾಗ ಊರು ಕಾಳು ಚೆಲ್ಲುವುದು ಅವರ ಮಾತಿನ ಮೇಲೆಯೇ.